ಹಾಡಿಲ್ಲದ ಕಾರು



ಅಗ್ಗದ ಕಾರಿನ ಡ್ಯಾಶ್‌ಬೋರ್ಡಿನ ನಟ್ಟನಡುವೆ ಒಂದು ಗೂಡು ಇರುತ್ತದೆ. ಸ್ಟೀರಿಯೊ ಕೂರಬೇಕಾದ ಜಾಗ ಅದು. ಶೋರೂಮಿನವರು ಬೇಸ್ ಮಾಡೆಲ್ ಎಂದು ಕರೆಯುವ ಗಾಡಿಗಳಲ್ಲಿ ಕಂಪನಿಯವರು ಅಲ್ಲಿಗೊಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೂರಿಸಿರುತ್ತಾರೆ, ಇಲ್ಲವೇ ಹಾಗೇ ತೆರೆದು ಬಿಟ್ಟಿರುತ್ತಾರೆ. ತೆರೆದ ಗೂಡು ಬಹಳ ದಿನ ಖಾಲಿ ಉಳಿಯುವುದಿಲ್ಲ. ಪೆಟ್ರೋಲ್ ಬಂಕಿನ ರಸೀದಿ, ಚಿಲ್ಲರೆ ಕಾಸು, ಇನ್ಶೂರೆನ್ಸಿನ ಜೆರಾಕ್ಸು, ಕನ್ನಡಕದ ಡಬ್ಬಿ, ದೇವಸ್ಥಾನದಿಂದ ತಂದ ಕುಂಕುಮದ ಪೊಟ್ಟಣ, ಮಕ್ಕಳು ಅರ್ಧ ತಿಂದು ಮಡಚಿಟ್ಟ ಬಿಸ್ಕತ್ ಪ್ಯಾಕೆಟ್ಟು, ಎಲ್ಲಕ್ಕೂ ಅದೇ ಜಾಗ. ಎಷ್ಟೋ ಗಾಡಿಗಳ ಬಾಗಿಲಲ್ಲಿ ಸ್ಪೀಕರಿಗೆಂದು ಮಾಡಿದ ದುಂಡನೆಯ ಜಾಲರಿಯೂ ಇರುತ್ತದೆ. ಅದರ ಹಿಂದೆ ಏನೂ ಇರುವುದಿಲ್ಲ.

ಇಂಥ ಕಾರನ್ನು ವರ್ಷಗಟ್ಟಲೆ ಓಡಿಸಿದವರು, ಈಗಲೂ ಓಡಿಸುತ್ತಿರುವವರು ನಮ್ಮ ನಾಡಿನಲ್ಲಿ ಬಹಳ ಮಂದಿ. ಶಾಲೆಯ ಮೇಷ್ಟ್ರು, ಅಡಿಕೆ ತೋಟದವರು, ಎಲ್‌ಐಸಿ ಏಜೆಂಟರು, ಊರೂರು ತಿರುಗುವ ದನದ ಡಾಕ್ಟರು, ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ ಹುಡುಗ ಹುಡುಗಿಯರು. ಅವರ ಓಡಾಟದಲ್ಲಿ ಹಾಡಿಲ್ಲ, ವಾರ್ತೆಯಿಲ್ಲ, ಕ್ರಿಕೆಟ್ ಕಾಮೆಂಟರಿಯಿಲ್ಲ. ಆದರೆ ಅವರ ಕಿವಿಗೆ ಕೆಲಸ ಬಹಳ. ಇವತ್ತಿನ ಮಾತು ಆ ಕೆಲಸದ ಬಗ್ಗೆ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಅದರ ಒಡೆಯರ ಕೈಗೆ ಕೊಟ್ಟರು. 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್, 12 ಇಂಚಿನ ಚಕ್ರ, ಆಗಿನ ಲೆಕ್ಕದಲ್ಲಿ 50 ಸಾವಿರ ರೂಪಾಯಿಯ ಆಸುಪಾಸಿನ ಬೆಲೆ. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಭಾರಕ್ಕೆ ಒಗ್ಗಿಹೋಗಿದ್ದ ಕೈಗಳಿಗೆ ಈ ಗಾಡಿ ಹಗುರವಾಗಿ ಕಂಡಿತು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಅದಕ್ಕೂ ಮೊದಲೇ ಅದರ ಜಾಗ ಹಿಡಿದಿದ್ದ ಆಲ್ಟೊ ಒಂದು ದಶಕಕ್ಕೂ ಹೆಚ್ಚು ಕಾಲ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು. ಎರಡರಲ್ಲೂ ಕೆಳಗಿನ ಮೆಟ್ಟಿಲಿನ ಮಾದರಿಗೆ ಸ್ಟೀರಿಯೊ ಇರಲಿಲ್ಲ. ಬೇಕಾದವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋಗಿ, ಅಂಗಡಿಯ ಮುಂದೆ ರಸ್ತೆ ಬದಿಯಲ್ಲೇ ಗಾಡಿ ನಿಲ್ಲಿಸಿ, ಕ್ಯಾಸೆಟ್ ಪ್ಲೇಯರ್ ಹಾಕಿಸಿಕೊಳ್ಳುತ್ತಿದ್ದರು. ಮುಂದೆ ಸಿಡಿ ಬಂತು, ಆಮೇಲೆ ಪೆನ್‌ಡ್ರೈವ್, ಆಮೇಲೆ ಬ್ಲೂಟೂತ್. ಹಾಕಿಸದೇ ಉಳಿದವರೂ ಇದ್ದರು. ಮೊದಲ ತಿಂಗಳು ಕಂತು ಕಟ್ಟುವ ಚಿಂತೆ, ಎರಡನೇ ತಿಂಗಳು ಟೈರಿನ ಖರ್ಚು. ಮೂರನೇ ತಿಂಗಳ ಹೊತ್ತಿಗೆ ಇಲ್ಲದ್ದು ಅಭ್ಯಾಸವಾಗಿಬಿಡುತ್ತಿತ್ತು.

ಬೆಲೆ ಇಳಿಸಲು ಕಂಪನಿಗಳು ಏನೇನು ಕೈಬಿಡುತ್ತವೆ ಎಂಬುದಕ್ಕೆ ಟಾಟಾ ನ್ಯಾನೋಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 2008ರ ಜನವರಿ 10ರಂದು ದೆಹಲಿಯ ಆಟೊ ಎಕ್ಸ್‌ಪೋದಲ್ಲಿ ಅದನ್ನು ತೋರಿಸಿದರು, 2009ರ ಮಾರ್ಚಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ನಾಲ್ಕು ಜನ ಹೋಗುತ್ತಿದ್ದ ಸಂಸಾರವನ್ನು ಕಂಡು ಈ ಯೋಚನೆ ಬಂತು ಎಂದು ರತನ್ ಟಾಟಾ ಹೇಳಿದ್ದರು. 624 ಸಿಸಿಯ ಎರಡು ಸಿಲಿಂಡರಿನ ಇಂಜಿನ್ ಹಿಂದುಗಡೆ ಇತ್ತು. ಗಾಜಿಗೆ ಒಂದೇ ವೈಪರು. ಚಕ್ರಕ್ಕೆ ನಾಲ್ಕರ ಬದಲು ಮೂರೇ ನಟ್ಟು. ಕೆಳಗಿನ ಮಾದರಿಗೆ ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ರೇಡಿಯೊ ಇಲ್ಲ. ಸ್ಟೀರಿಯೊ ಬಿಟ್ಟರೆ ಅದೊಂದೇ ಉಳಿಯುವುದಲ್ಲ. ನಾಲ್ಕು ಬಾಗಿಲಿಗೂ ಎಳೆಯಬೇಕಾದ ವೈರು, ಸ್ಪೀಕರು, ಚಾವಣಿಯ ಮೇಲಿನ ಏರಿಯಲ್ಲು, ಅದನ್ನೆಲ್ಲ ಜೋಡಿಸುವ ಕೆಲಸಗಾರನ ಸಮಯ, ಇಷ್ಟೂ ಉಳಿಯುತ್ತದೆ. ಒಂದು ಗಾಡಿಯಲ್ಲಿ ಸಣ್ಣ ಮೊತ್ತ, ಲಕ್ಷ ಗಾಡಿಗಳಲ್ಲಿ ದೊಡ್ಡ ಮೊತ್ತ.

ಇದು ಭಾರತದ ಬಡತನದ ಕಥೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ. 2013ರಲ್ಲಿ ಬ್ರಿಟನ್ನಿಗೆ ಬಂದ ಡೇಸಿಯಾ ಸ್ಯಾಂಡೆರೊ ಕಾರಿನ ಅತಿ ಅಗ್ಗದ ಮಾದರಿ 5,995 ಪೌಂಡಿಗೆ ಸಿಗುತ್ತಿತ್ತು. ಬಂಪರಿಗೆ ಬಣ್ಣವಿರಲಿಲ್ಲ, ಒಳಗೆ ರೇಡಿಯೊ ಇರಲಿಲ್ಲ.

ಕಾರಿಗೆ ರೇಡಿಯೊ ಬಂದ ಕಾಲದಲ್ಲಿ ಅದು ಸಿರಿವಂತರ ವಸ್ತು. ಅಮೆರಿಕದ ಪಾಲ್ ಗಾಲ್ವಿನ್ 1930ರಲ್ಲಿ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೊ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೊ ತಯಾರಕರ ಸಮಾವೇಶಕ್ಕೆ ಹೋದ. ಆ ರೇಡಿಯೊಗೆ ಇಟ್ಟ ಹೆಸರೇ ಮೊಟೊರೊಲಾ. 1947ರಲ್ಲಿ ಅದು ಅವನ ಕಂಪನಿಯ ಹೆಸರೂ ಆಯಿತು. 1932ರಲ್ಲಿ ಜರ್ಮನಿಯ ಬ್ಲೌಪಂಕ್ಟ್ ತಯಾರಿಸಿದ ಯುರೋಪಿನ ಮೊದಲ ಕಾರ್ ರೇಡಿಯೊ ಸುಮಾರು 15 ಕೆ.ಜಿ. ತೂಗುತ್ತಿತ್ತು. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಕೈಗೆ ಎಟಕುವಲ್ಲಿ ಇಡಲಾಗದೆ, ತಿರುಗಿಸುವ ಗುಂಡಿಗಳನ್ನು ಮಾತ್ರ ಸ್ಟೀರಿಂಗ್ ಕಂಬದ ಹತ್ತಿರ ಅಳವಡಿಸಿದ್ದರು.

ನಮ್ಮಲ್ಲಿ ರೇಡಿಯೊ ಮನೆಗೇ ಅಪರೂಪವಾಗಿದ್ದ ಕಾಲ ಅದು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದು 1935ರ ಸೆಪ್ಟೆಂಬರ್ 10ರಂದು. ಆಕಾಶವಾಣಿ ಎಂಬ ಹೆಸರು ಹರಡಿದ್ದು ಅಲ್ಲಿಂದ. ಆಮೇಲೂ ದಶಕಗಳ ಕಾಲ ರೇಡಿಯೊ ಇಟ್ಟುಕೊಳ್ಳುವವರು ಲೈಸೆನ್ಸ್ ಮಾಡಿಸಿ, ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಬೇಕಿತ್ತು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ಹೋಯಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದ ಮೇಲಂತೂ ಸಿಗ್ನಲ್ಲಿನಲ್ಲಿ ನಿಂತ ಕಾರುಗಳೆಲ್ಲ ಹಾಡತೊಡಗಿದವು. ಆಗಲೂ ಪಕ್ಕದಲ್ಲಿ ಗಾಜು ಇಳಿಸಿಕೊಂಡು ನಿಂತ ಬೇಸ್ ಮಾಡೆಲ್ ಮೌನವಾಗಿಯೇ ಇತ್ತು.

ಈಗ ಆ ಮೌನದೊಳಗೆ ಹೋಗೋಣ.

ಮೊದಲನೆಯದು ಇಂಜಿನ್ನಿನ ಸದ್ದು. ಅಗ್ಗದ ಕಾರಿನಲ್ಲಿ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು ಇರುವುದಿಲ್ಲ. ಸ್ಪೀಡೋಮೀಟರ್, ಪೆಟ್ರೋಲಿನ ಮುಳ್ಳು, ನಾಲ್ಕಾರು ದೀಪ, ಅಷ್ಟೇ. ಹಾಗಿದ್ದರೆ ಗೇರ್ ಯಾವಾಗ ಬದಲಿಸಬೇಕು ಎಂಬುದನ್ನು ಹೇಳುವವರು ಯಾರು? ಕಿವಿಯೇ. ಎರಡನೇ ಗೇರಿನಲ್ಲಿ ಇಂಜಿನ್ ಕೂಗು ಒಂದು ಮಟ್ಟಕ್ಕೆ ಏರುತ್ತಿದ್ದಂತೆ ಎಡಗೈ ತಾನಾಗಿ ಲಿವರಿನ ಮೇಲೆ ಹೋಗುತ್ತದೆ. ಡ್ರೈವಿಂಗ್ ಸ್ಕೂಲಿನವರು ಕೊಡುವ ಇಪ್ಪತ್ತಕ್ಕೆ ಎರಡು, ಮೂವತ್ತಕ್ಕೆ ಮೂರು ಎಂಬ ಲೆಕ್ಕ ಮೊದಲ ವಾರಕ್ಕೆ ಸಾಕು. ಆಮೇಲೆ ಓಡಿಸುವುದು ಸದ್ದಿನ ಲೆಕ್ಕದಲ್ಲೇ. ಏರಿನಲ್ಲಿ ಆಸೆಬಿದ್ದು ನಾಲ್ಕನೇ ಗೇರಿನಲ್ಲೇ ಎಳೆಸಲು ಹೋದರೆ ಬಾನೆಟ್ಟಿನ ಕೆಳಗಿನಿಂದ ಸಣ್ಣ ಗೋಲಿಗಳನ್ನು ಡಬ್ಬಿಯಲ್ಲಿ ಕುಲುಕಿದಂಥ ಕಟಕಟ ಕೇಳುತ್ತದೆ. ನಾಕಿಂಗ್ ಎನ್ನುವುದು ಇದಕ್ಕೇ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ ಸಿಲಿಂಡರಿನ ಇನ್ನೊಂದು ಮೂಲೆಯ ಪೆಟ್ರೋಲು-ಗಾಳಿಯ ಮಿಶ್ರಣ ಒತ್ತಡ ತಾಳದೆ ತಾನೇ ಹೊತ್ತಿಕೊಳ್ಳುತ್ತದೆ. ಹೀಗೇ ಬಿಟ್ಟರೆ ಪಿಸ್ಟನ್ನಿಗೆ ಪೆಟ್ಟು. ಒಂದು ಗೇರ್ ಇಳಿಸಿದರೆ ಆ ಸದ್ದು ನಿಲ್ಲುತ್ತದೆ. ಇಳಿಸಬೇಕು ಎಂದು ಗೊತ್ತಾಗಬೇಕಾದರೆ ಮೊದಲು ಕೇಳಿಸಬೇಕು.

ಮೂರು ಸಿಲಿಂಡರಿನ ಇಂಜಿನ್ನಿಗೆ ತನ್ನದೇ ಆದ ಒಂದು ಲಯವಿದೆ. ಅದರಲ್ಲಿ ಒಂದು ಪ್ಲಗ್ಗು ಕೈಕೊಟ್ಟರೂ ಲಯ ಕುಂಟುತ್ತದೆ. 'ಗಾಡಿ ಮಿಸ್ಸಿಂಗ್ ಹೊಡೀತಿದೆ' ಎನ್ನುತ್ತಾರೆ. ಟ್ಯಾಪೆಟ್ ಸಡಿಲವಾದರೆ ಹೊಲಿಗೆ ಯಂತ್ರದ ಹಾಗೆ ಟಿಕಟಿಕ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರ್ ಎಂದು ಕಿರುಚಿ ಸುಮ್ಮನಾದರೆ ಬೆಲ್ಟು ಸಡಿಲವಾಗಿದೆ, ಇಲ್ಲವೇ ಸವೆದಿದೆ. ಕ್ಲಚ್ ಒತ್ತಿದಾಗ ಮಾತ್ರ ಬಂದು, ಬಿಟ್ಟಾಗ ಹೋಗುವ ಗರಗರ ಸದ್ದು ರಿಲೀಸ್ ಬೇರಿಂಗಿನದು. ಮನೆಯ ಗೇಟಿನ ಮುಂದೆ ಸ್ಟೀರಿಂಗನ್ನು ಪೂರಾ ತಿರುಗಿಸಿ ಗಾಡಿ ಹೊರಳಿಸುವಾಗ ಮುಂದಿನ ಚಕ್ರದಿಂದ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟಿನ ಕೀಲು ಸವೆದಿದೆ. ಅದರ ರಬ್ಬರ್ ಬೂಟು ಎಂದೋ ಹರಿದು, ಗ್ರೀಸು ಹೊರಗೆ ಹೋಗಿ ಮಣ್ಣು ಒಳಗೆ ಹೋಗಿರುತ್ತದೆ. ಬೂಟು ಹರಿದ ಹೊಸದರಲ್ಲೇ ಬದಲಾಯಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ, ಸದ್ದು ಬಂದ ಮೇಲೆ ಸಾವಿರಗಳ ಲೆಕ್ಕ.

ಬ್ರೇಕಿನ ವಿಷಯ ಇನ್ನೂ ಗಂಭೀರ. ಬಹಳ ಕಾರುಗಳ ಬ್ರೇಕ್ ಪ್ಯಾಡಿನಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡು ಸವೆದು ಒಂದು ಮಿತಿಗೆ ಬಂದಾಗ ಆ ನಾಲಿಗೆ ತಿರುಗುವ ಡಿಸ್ಕನ್ನು ಸವರಿ ಕೀರಲು ದನಿ ಎಬ್ಬಿಸುತ್ತದೆ. ಇಂಜಿನಿಯರುಗಳು ಬೇಕೆಂದೇ ಇಟ್ಟ ಎಚ್ಚರಿಕೆ ಅದು. ದೊಡ್ಡ ದನಿಯಲ್ಲಿ ಹಾಡು ಹಾಕಿ, ಗಾಜು ಏರಿಸಿ, ಎಸಿ ಬಿಟ್ಟುಕೊಂಡು ಕೂತವರಿಗೆ ಅದು ತಲುಪುವುದು ತಡವಾಗಿ. ಇಂಡಿಕೇಟರಿನದೂ ಇದೇ ಕಥೆ. ಎಷ್ಟೋ ಗಾಡಿಗಳಲ್ಲಿ ಒಂದು ಬಲ್ಬು ಹೋದರೆ ಟಿಕ್ ಟಿಕ್ ಸದ್ದಿನ ವೇಗ ದುಪ್ಪಟ್ಟಾಗುತ್ತದೆ. ಕಣ್ಣು ರಸ್ತೆಯ ಮೇಲಿದ್ದಾಗಲೂ ಕಿವಿಗೆ ಗೊತ್ತಾಗಲಿ ಎಂಬಂಥ ಏರ್ಪಾಡು.

ಗ್ಯಾರೇಜಿನಲ್ಲಿ ಇಂಥ ಗಾಡಿಯವರಿಗೂ ಮೆಕ್ಯಾನಿಕ್ಕಿಗೂ ನಡೆಯುವ ಮಾತುಕತೆ ಕೇಳುವಂಥದ್ದು.

'ಗುಂಯ್ ಅಂತಿದೆ ಅಣ್ಣ, ಮುಂದಿನಿಂದ.'

'ಎಷ್ಟು ಸ್ಪೀಡಲ್ಲಿ ಸಾರ್?'

'ಐವತ್ತು ದಾಟಿದ ಮೇಲೆ ಶುರುವಾಗುತ್ತೆ. ಸ್ಪೀಡು ಜಾಸ್ತಿಯಾದಷ್ಟೂ ಜಾಸ್ತಿ.'

'ನ್ಯೂಟ್ರಲ್ ಮಾಡಿ ಬಿಟ್ರೆ ನಿಲ್ಲುತ್ತಾ?'

'ಇಲ್ಲ, ಹಂಗೇ ಇರುತ್ತೆ.'

'ಎಡಕ್ಕೆ ತಿರುಗಿಸಿದಾಗ ಹೆಚ್ಚೋ, ಬಲಕ್ಕೋ?'

'ಎಡಕ್ಕೆ ತಿರುಗಿಸಿದಾಗ.'

'ಹಂಗಾದ್ರೆ ಬಲಗಡೆ ವೀಲ್ ಬೇರಿಂಗು ಸಾರ್. ಗಾಡಿ ಬಿಟ್ಟು ಹೋಗಿ, ಸಂಜೆ ಬನ್ನಿ.'

ಗಾಡಿಯನ್ನು ಮುಟ್ಟುವ ಮೊದಲೇ ಕಾಯಿಲೆ ಪತ್ತೆಯಾಯಿತು. ನ್ಯೂಟ್ರಲ್ಲಿನಲ್ಲೂ ನಿಲ್ಲಲಿಲ್ಲ ಎಂದರೆ ಅದು ಇಂಜಿನ್ನಿನದಲ್ಲ, ಚಕ್ರದ್ದು. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಕ್ಕೆ ವಾಲುತ್ತದೆ, ಆ ಬದಿಯ ಬೇರಿಂಗಿನ ಮೇಲೆ ಹೊರೆ ಬಿದ್ದು ಸದ್ದು ಹೆಚ್ಚುತ್ತದೆ. ಇಷ್ಟು ಉತ್ತರ ಕೊಡಬೇಕಾದರೆ ಓಡಿಸುವವರು ಸದ್ದನ್ನು ದಿನಗಟ್ಟಲೆ ಗಮನಿಸಿರಬೇಕು. ಸ್ಟೀರಿಯೊ ಇಲ್ಲದ ಗಾಡಿಯವರು ಗಮನಿಸಿರುತ್ತಾರೆ, ಏಕೆಂದರೆ ಕೇಳಲು ಬೇರೇನೂ ಇರುವುದಿಲ್ಲ. ಇಂಜಿನ್ನಿನೊಳಗಿನ ಸದ್ದಾದರೆ ಹಳೆಯ ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳುತ್ತಾರೆ. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಗಾಳಿಯಲ್ಲಿ ಕಲೆಸಿಹೋಗುವ ಸದ್ದು ಉಕ್ಕಿನ ಕಡ್ಡಿಯೊಳಗೆ ಬಿಡಿಬಿಡಿಯಾಗಿ ಬರುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸುತ್ತಾ ಹೋಗಿ, ಇಲ್ಲೇ ಎಂದು ಬೆರಳಿಡುತ್ತಾರೆ. ಈ ವಿದ್ಯೆಗೆ ಸರ್ಟಿಫಿಕೇಟು ಇಲ್ಲ. ಇದು ಹೊಸ ತಲೆಮಾರಿನ ಕೈಗೂ ದಾಟಬೇಕು. ಈಗಿನ ಗ್ಯಾರೇಜುಗಳ ಸ್ಕ್ಯಾನರ್ ಸಿಕ್ಕಿಸಿದರೆ ಸೆನ್ಸರಿನ ದೋಷ ಗೊತ್ತಾಗುತ್ತದೆ, ಆದರೆ ಬೇರಿಂಗಿನ ಗುಂಯ್ ಅನ್ನು ಸ್ಕ್ಯಾನರ್ ಹೇಳುವುದಿಲ್ಲ.

ಕಾರಿನದಾಯಿತು, ಇನ್ನು ದಾರಿಯ ಸದ್ದು. ತೆಳು ತಗಡಿನ ಗಾಡಿಗೆ ಒಳಗಡೆ ಸದ್ದು ಹೀರುವ ಹಾಸು ಕಡಿಮೆ. ಅದರಿಂದಾಗಿ ರಸ್ತೆ ಬದಲಾದದ್ದು ಕಾಣುವುದಕ್ಕಿಂತ ಮೊದಲು ಕೇಳಿಸುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದವರಿಗೆ ಇದು ಗೊತ್ತು. ಡಾಂಬರಿನ ಮೆತ್ತನೆಯ ಸದ್ದು ಕಾಂಕ್ರೀಟು ಶುರುವಾಗುತ್ತಿದ್ದಂತೆ ಗಡಸಾಗಿ, ಮೇಲಿನ ಶ್ರುತಿಗೆ ಏರುತ್ತದೆ. ಮಳೆಯಲ್ಲಿ ಟೈರಿನ ಶರಶರ ಸದ್ದು ತಟ್ಟನೆ ಕಡಿಮೆಯಾಗಿ ಸ್ಟೀರಿಂಗ್ ಹಗುರವಾದರೆ ಚಕ್ರ ನೀರಿನ ಪದರದ ಮೇಲೆ ತೇಲುತ್ತಿದೆ ಎಂದರ್ಥ. ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕಾದ ಕ್ಷಣ.

ಘಾಟಿಗಳಲ್ಲಂತೂ ಕಿವಿ ಕಣ್ಣಿಗಿಂತ ದೂರ ಹೋಗುತ್ತದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವಿನ ಆಚೆ ಏನಿದೆ ಎಂದು ಕಣ್ಣಿಗೆ ಕಾಣದು, ಮಂಜು ಕವಿದ ದಿನ ಈಚೆ ಏನಿದೆ ಎಂಬುದೂ ಕಾಣದು. ಗಾಜು ಇಳಿಸಿಕೊಂಡು ಬಂದರೆ, ಕೆಳಗಿನ ಸುತ್ತಿನಲ್ಲಿ ಒಂದನೇ ಗೇರಿನಲ್ಲಿ ಏದುಸಿರುಬಿಡುತ್ತಾ ಹತ್ತುತ್ತಿರುವ ಬಸ್ಸಿನ ಇಂಜಿನ್ ಹಾರ್ನಿಗಿಂತ ಮೊದಲೇ ಕೇಳುತ್ತದೆ. ಇಂಥ ಕಡಿದಾದ ದಾರಿಯಲ್ಲಿ ಹತ್ತುವ ಗಾಡಿಗೆ ಮೊದಲ ಹಕ್ಕು ಎಂದು ಕಾನೂನೇ ಹೇಳುತ್ತದೆ. ಇಳಿಯುವವರು ಅಗಲವಾದ ಜಾಗ ನೋಡಿ ಮೊದಲೇ ನಿಂತರೆ ಬಸ್ಸಿನವರಿಗೂ ಸಲೀಸು. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಇಂಜಿನ್ನಿನಿಂದಲೇ ವೇಗ ತಡೆಯುವುದು ಘಾಟಿಯ ರೂಢಿ. ಆ ತಡೆ ಸಾಕಾಗುತ್ತಿದೆಯೇ ಎಂಬುದೂ ಇಂಜಿನ್ನಿನ ದನಿಯಲ್ಲಿ ಗೊತ್ತಾಗುತ್ತದೆ. ಸ್ಟೀರಿಯೊ ಇದ್ದವರ ರೇಡಿಯೊ ಕೂಡ ಇಲ್ಲಿ ಬಹಳ ಹೊತ್ತು ಹಾಡುವುದಿಲ್ಲ. ಎಫ್‌ಎಂ ಅಲೆಗಳು ಹೆಚ್ಚೂ ಕಡಿಮೆ ನೇರ ದಾರಿಯಲ್ಲಿ ಸಾಗುವಂಥವು. ನಡುವೆ ಗುಡ್ಡ ಬಂದರೆ ಕೇಂದ್ರ ಕಡಿದುಹೋಗುತ್ತದೆ.

ಕಣ್ಣಿನ ಜೊತೆ ಕಿವಿಯೂ ಬೇಕಾದ ಇನ್ನೊಂದು ಜಾಗ ರೈಲು ಹಳಿ. ಮೋಟಾರು ವಾಹನ ಕಾಯ್ದೆಯ 131ನೇ ಕಲಮು ಗಮನಿಸಬೇಕಾದದ್ದು. ಕಾವಲಿಲ್ಲದ ರೈಲ್ವೆ ಗೇಟಿನ ಬಳಿ ಗಾಡಿ ನಿಲ್ಲಿಸಬೇಕು, ಜೊತೆಗಿದ್ದವರು ಇಳಿದು ಹಳಿಯವರೆಗೆ ನಡೆದು ಎರಡೂ ಕಡೆ ರೈಲು ಬರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು ಎನ್ನುತ್ತದೆ ಅದು. ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಗೇಟುಗಳನ್ನು 2019ರ ಆರಂಭದ ಹೊತ್ತಿಗೆ ರೈಲ್ವೆಯವರು ತೆಗೆದುಹಾಕಿದರು. ಅಲ್ಲಿಯವರೆಗೆ ಎಷ್ಟೋ ಹಳ್ಳಿಗಳ ಹತ್ತಿರ ಬಯಲಿನಲ್ಲಿ ಹಳಿ ದಾಟುವವರಿಗೆ ಒಂದು ನಿಮಿಷ ನಿಂತು ಕಿವಿಗೊಡುವುದೇ ರಕ್ಷಣೆಯಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಿವಿ ಕೇಳದವರು ಕಾರು ಓಡಿಸಲಾರರು ಎಂದು ಯಾರೂ ತಿಳಿಯಬಾರದು. ಕಿವುಡರಿಗೂ ಲೈಸೆನ್ಸ್ ಪಡೆಯುವ ದಾರಿ 2011ರ ದೆಹಲಿ ಹೈಕೋರ್ಟಿನ ತೀರ್ಪಿನಿಂದ ತೆರೆಯಿತು, 2016ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೂ ಅದನ್ನು ಖಚಿತಪಡಿಸಿತು. ಕನ್ನಡಿಗಳ ಮೇಲೆ ಅವರ ಕಣ್ಣು ಹೆಚ್ಚು ಓಡಾಡುತ್ತದೆ, ಸ್ಟೀರಿಂಗಿನ ಮತ್ತು ಪೆಡಲಿನ ನಡುಕವನ್ನು ಅವರ ಕೈಕಾಲು ಓದುತ್ತವೆ. ಇಲ್ಲಿ ಹೇಳುತ್ತಿರುವುದು, ಕಿವಿ ಇದ್ದವರು ಅದನ್ನು ಬೇರೆ ಕಡೆ ಒತ್ತೆಯಿಟ್ಟಾಗ ಏನೇನು ತಪ್ಪಿಹೋಗುತ್ತದೆ ಎಂಬುದನ್ನು.

ಹಾಡು ಚಾಲಕರನ್ನು ಎಷ್ಟು ಕೆಡಿಸುತ್ತದೆ ಎಂಬ ಪ್ರಶ್ನೆಗೆ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ವಾರೆನ್ ಬ್ರಾಡ್‌ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಉತ್ತರವಿದೆ. ಹೊಸದಾಗಿ ಲೈಸೆನ್ಸ್ ಪಡೆದ 85 ಯುವಕ ಯುವತಿಯರು ನಿಜವಾದ ರಸ್ತೆಯಲ್ಲಿ, ಪಕ್ಕದಲ್ಲಿ ಚಾಲನಾ ಶಿಕ್ಷಕರನ್ನು ಕೂರಿಸಿಕೊಂಡು ಓಡಿಸಿದರು. ಕೆಲವು ಬಾರಿ ತಮಗಿಷ್ಟದ ಹಾಡು, ಕೆಲವು ಬಾರಿ ಅದಕ್ಕೆಂದೇ ಸಿದ್ಧಪಡಿಸಿದ ಮಂದವಾದ ಹಿನ್ನೆಲೆ ಸಂಗೀತ, ಕೆಲವು ಬಾರಿ ಏನೂ ಇಲ್ಲ. ಇಷ್ಟದ ಹಾಡಿನೊಂದಿಗೆ ಓಡಿಸಿದಾಗ 98 ಪ್ರತಿಶತ ಮಂದಿ ತಪ್ಪು ಮಾಡಿದರು. ಹಾಡಿಲ್ಲದೆ ಓಡಿಸಿದಾಗಲೂ 92 ಪ್ರತಿಶತ ಮಂದಿ ತಪ್ಪು ಮಾಡಿದರು. ಮಂದ ಸಂಗೀತ ಇದ್ದಾಗ ತಪ್ಪುಗಳು ಕಡಿಮೆಯಾದವು. ಹಾಗಾಗಿ ಮೌನವಿದ್ದ ಮಾತ್ರಕ್ಕೆ ಹೊಸಬರು ಪಳಗಿದವರಾಗುವುದಿಲ್ಲ. ಎದೆ ಕುಣಿಸುವ ಹಾಡು ಮಾತ್ರ ಅವರನ್ನು ಇನ್ನಷ್ಟು ಅಜಾಗರೂಕರನ್ನಾಗಿ ಮಾಡುತ್ತದೆ. ಇದೇ ಬ್ರಾಡ್‌ಸ್ಕಿ ಅದಕ್ಕೂ ಹಿಂದೆಯೇ ಹಾಡಿನ ಲಯ ಚುರುಕಾದಷ್ಟೂ ಚಾಲಕರು ಕೆಂಪು ದೀಪ ದಾಟುವುದು ಹೆಚ್ಚುತ್ತದೆ ಎಂದು ಸಿಮ್ಯುಲೇಟರಿನಲ್ಲಿ ತೋರಿಸಿದ್ದರು.

ರಾತ್ರಿ ಒಬ್ಬರೇ ಹೋಗುವಾಗ ನಿದ್ದೆ ಬಾರದಿರಲು ಹಾಡು ಬೇಕು ಎನ್ನುವವರು ಬಹಳ. ಈ ನಂಬಿಕೆ ಅಪಾಯದ್ದು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ರೇನರ್ ಮತ್ತು ಹಾರ್ನ್ 1998ರಲ್ಲಿ ಇದನ್ನೇ ಪರೀಕ್ಷಿಸಿದರು. ಮುಖಕ್ಕೆ ತಣ್ಣನೆಯ ಗಾಳಿ ಬಿಟ್ಟುಕೊಳ್ಳುವುದು, ರೇಡಿಯೊ ಹಾಕುವುದು, ಎರಡರಿಂದಲೂ ಸಿಕ್ಕಿದ್ದು ಸ್ವಲ್ಪ ಹೊತ್ತಿನ ಅಲ್ಪ ಉಪಶಮನ, ಅಷ್ಟೇ. ಅವರ ಇನ್ನೊಂದು ಅಧ್ಯಯನದಲ್ಲಿ ಕೆಲಸ ಮಾಡಿದ್ದು ಕಾಫಿ ಮತ್ತು ಹದಿನೈದು ನಿಮಿಷದೊಳಗಿನ ಒಂದು ಕಿರುನಿದ್ದೆ. ಸ್ಟೀರಿಯೊ ಇಲ್ಲದ ಗಾಡಿಯವರು ತುಮಕೂರು ರಸ್ತೆಯ ಯಾವುದೋ ಹೋಟೆಲಿನ ಮುಂದೆ ನಿಲ್ಲಿಸಿ ಕಾಫಿ ಕುಡಿದು, ಸೀಟು ಹಿಂದಕ್ಕೆ ಬಾಗಿಸಿ ಒರಗುತ್ತಾರಲ್ಲ, ಅವರು ಮಾಡುತ್ತಿರುವುದು ಸರಿ.

ಸಂಸಾರ ಸಮೇತ ಹೊರಟಾಗಿನ ಮಾತೇ ಬೇರೆ. ಧರ್ಮಸ್ಥಳಕ್ಕೋ ಮದುವೆಗೋ ಹೊರಟ ಕಾರಿನಲ್ಲಿ ಸ್ಟೀರಿಯೊ ಇಲ್ಲದಿದ್ದರೆ ಮಾತೇ ಮನರಂಜನೆ. ಹಾಸನ ಬರುವಷ್ಟರಲ್ಲಿ ಮಕ್ಕಳ ಅಂತ್ಯಾಕ್ಷರಿ ಮುಗಿದು, ಹಿಂದಿನ ಸೀಟಿನ ಅಜ್ಜಿ ತಮ್ಮ ಕಾಲದಲ್ಲಿ ಈ ದಾರಿಯಲ್ಲಿ ಬಸ್ಸು ಹೇಗೆ ಬರುತ್ತಿತ್ತು ಎಂದು ಶುರುಮಾಡಿರುತ್ತಾರೆ. ಮನೆಯಲ್ಲಿ ಆಡಲಾಗದ ಮಾತನ್ನು ಅಪ್ಪ ಮಗಳು ಕಾರಿನಲ್ಲಿ ಆಡುವುದುಂಟು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಇಬ್ಬರ ಕಣ್ಣೂ ರಸ್ತೆಯ ಮೇಲೆ. ಮಾತು ಚಾಲಕರ ಗಮನ ಕೆಡಿಸುವುದಿಲ್ಲವೇ ಎಂದು ಕೇಳಬಹುದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇದನ್ನು ನೋಡಿದರು. ಫೋನಿನಲ್ಲಿ ಮಾತಾಡುತ್ತಾ ಸಿಮ್ಯುಲೇಟರ್ ಓಡಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಿರುಗಬೇಕಾದ ದಾರಿ ತಪ್ಪಿಸಿಕೊಂಡರು. ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದವರಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು. ಪಕ್ಕದಲ್ಲಿದ್ದವರಿಗೂ ರಸ್ತೆ ಕಾಣುತ್ತದೆ, ಲಾರಿ ಎದುರಾದಾಗ ಅವರ ಮಾತು ನಿಲ್ಲುತ್ತದೆ, 'ಮುಂದೆ ಹಂಪಿದೆ ನೋಡ್ರೀ' ಎಂದು ಎಚ್ಚರಿಸುತ್ತಾರೆ. ಫೋನಿನ ಆ ತುದಿಯಲ್ಲಿದ್ದವರಿಗೆ ಹಂಪು ಕಾಣುವುದಿಲ್ಲ.

ಈ ಮಾತುಗಳನ್ನು ಕಾರಿನಲ್ಲೇ ಕೇಳುತ್ತಿರುವವರೂ ಇರಬಹುದು. ರೇಡಿಯೊ ಆರಿಸಿ ಎಂದು ಅವರಿಗೆ ಹೇಳುವ ಉದ್ದೇಶವಿಲ್ಲ. ಸ್ಟೀರಿಯೊ ಹಾಕಿಸಬೇಡಿ ಎಂದೂ ಅಲ್ಲ. ಆದರೆ ಹಾಕಿಸುವವರು ವೈರು ಕತ್ತರಿಸದೆ, ಕಪ್ಲರ್ ಬಳಸಿ ಜೋಡಿಸುವ ಅಂಗಡಿಯನ್ನೇ ಹುಡುಕಬೇಕು. ಮೂಲ ವೈರನ್ನು ಕತ್ತರಿಸಿ ಟೇಪು ಸುತ್ತಿದ ಜೋಡಣೆ ಶಾರ್ಟ್ ಆಗಬಹುದು, ಹೊಸ ಗಾಡಿಯಾದರೆ ವಾರಂಟಿಗೂ ತೊಡಕು. ಸ್ಟೀರಿಯೊ ಇಲ್ಲದ ಹೊಸ ಗಾಡಿಯೂ ಈಗ ಪೂರ್ತಿ ಮೌನವಲ್ಲ. 2019ರ ಜುಲೈ 1ರಿಂದ ತಯಾರಾದ ಪ್ರತಿ ಕಾರಿನಲ್ಲೂ ವೇಗದ ಎಚ್ಚರಿಕೆ ಕಡ್ಡಾಯ. 80 ಕಿ.ಮೀ. ದಾಟಿದರೆ ಆಗಾಗ ಬೀಪ್ ಎನ್ನುತ್ತದೆ, 120 ದಾಟಿದರೆ ಬಿಡದೆ ಕೂಗುತ್ತದೆ. ಬೆಲ್ಟ್ ಹಾಕದಿದ್ದರೂ ಕೂಗು.

ಕಿವಿಯ ಈ ವಿದ್ಯೆ ನೇರವಾಗಿ ದುಡ್ಡು ಉಳಿಸುವುದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ. ಮಾರುವವರು ಕೆಲವರು ಗಿರಾಕಿ ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿರುತ್ತಾರೆ. ತಣ್ಣಗಿನ ಇಂಜಿನ್ ಮೊದಲು ಸ್ಟಾರ್ಟ್ ಆಗುವಾಗ ಹೊರಡಿಸುವ ಸದ್ದು ಬಚ್ಚಿಡಲು ಅದೊಂದು ಉಪಾಯ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು, ಬೆಚ್ಚಗಿದ್ದರೆ ಬೆಳಿಗ್ಗೆ ಮತ್ತೆ ಬರುತ್ತೇನೆ ಎನ್ನಬೇಕು. ಟ್ರಯಲ್ಲಿಗೆ ಕೂತ ತಕ್ಷಣ ಸ್ಟೀರಿಯೊ, ಫ್ಯಾನು ಎರಡನ್ನೂ ಆರಿಸಿ, ಗಾಜು ಇಳಿಸಿ, ಗೋಡೆ ಇರುವ ಬೀದಿಯಲ್ಲಿ ನಿಧಾನವಾಗಿ ಹೋಗಬೇಕು. ಗೋಡೆಗೆ ಬಡಿದು ಮರಳುವ ಸದ್ದಿನಲ್ಲಿ ಚಕ್ರದ ಟಕ್ ಟಕ್, ಸೈಲೆನ್ಸರಿನ ತೂತು, ಬ್ರೇಕಿನ ಕೀರಲು ಎಲ್ಲ ಚೆನ್ನಾಗಿ ಕೇಳುತ್ತವೆ. ಆಮೇಲೆ ಮೈದಾನದಂಥ ಜಾಗದಲ್ಲಿ ಸ್ಟೀರಿಂಗನ್ನು ಒಮ್ಮೆ ಪೂರಾ ಎಡಕ್ಕೆ, ಒಮ್ಮೆ ಪೂರಾ ಬಲಕ್ಕೆ ಹಿಡಿದು ಎರಡು ಸುತ್ತು ಹಾಕಿಸಬೇಕು, ಒಂದು ಏರು ಹತ್ತಿಸಬೇಕು. ಮಾರುವವರು ಆ ಹೊತ್ತಿನಲ್ಲಿ ಸ್ಟೀರಿಯೊ ಎಷ್ಟು ಚೆನ್ನಾಗಿದೆ ಎಂದು ತೋರಿಸಲು ಕೈ ಚಾಚಿದರೆ, ಅದನ್ನು ಕೊನೆಯಲ್ಲಿ ಕೇಳೋಣ ಎಂದರಾಯಿತು.